ಹದ್ದಿನ ಹಾದಿ ನೋಡಬಾರದು

ಏನನ್ನೂ ಮಾಡದೆ ಸುಮ್ಮನಿರುವುದು ಮನುಷ್ಯನಿಗೆ ಹೇಳಿದ ಧರ್ಮಗಳಲ್ಲೆಲ್ಲ ಅತ್ಯಂತ ಕಠಿಣವಾದದ್ದು ಎಂದು ತಿಳಿದವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅದನ್ನು ನಾಲ್ಕು ಜನ ಕೂಡಿ ಒಂದು ಇಡೀ ಚಳಿಗಾಲ ಮಾಡಿ ನೋಡಿದೆವು, ಬಾಗಿಲು ಹಾಕಿಕೊಂಡು, ದೀಪ ಆರಿಸಿಕೊಂಡು. ಒಬ್ಬರಿಗೂ ಸರಿಯಾಗಿ ಬರಲಿಲ್ಲ.

ಮೊದಲು ನಾವು ಮಿರಜದ ಒಂದು ಹಳೆಯ ವಾಡೆಯಲ್ಲಿ ಇದ್ದೆವು. ಅಣ್ಣತಮ್ಮಂದಿರು ಪಾಲಾಗಿ, ಪಡಸಾಲೆಯ ನಡುವೆ ಗೋಡೆಗಳೆದ್ದು, ಕೊನೆಗೆ ಗೋಡೆಗಳೇ ಹೆಚ್ಚಾಗಿ ಮನೆಯೇ ಕಡಿಮೆಯಾದಾಗ ಅಪ್ಪ ತನ್ನ ಪಾಲು ಬಿಟ್ಟುಕೊಟ್ಟು ಸಾಂಗಲಿ-ಮಿರಜ ರಸ್ತೆಯ ಮೇಲೆ ಹೊಸದಾಗಿ ಎದ್ದ ಕಟ್ಟಡದ ಮೂರನೆಯ ಮಾಳಿಗೆಯಲ್ಲಿ ಒಂದು ಫ್ಲ್ಯಾಟು ಹಿಡಿದ. ಆ ವರ್ಷಗಳಲ್ಲಿ ಎರಡೂ ಊರುಗಳು ಒಂದರ ಕಡೆಗೊಂದು ನಡೆದು ಬರುತ್ತಿದ್ದವು. ನಡುವಿನ ಹೊಲಗಳು ಪ್ಲಾಟಾದವು, ಪ್ಲಾಟುಗಳು ಸೊಸಾಯಟಿಗಳಾದವು, ಸೊಸಾಯಟಿಗಳು ಮೂಲೆಗೊಂದು ಎಸ್‌ಟಿಡಿ ಡಬ್ಬಿ, ಮಾಳಿಗೆಗೊಂದು ಕೇಬಲ್ ವೈರು ಹಚ್ಚಿಕೊಂಡು ದೇಶದ ಪ್ರಗತಿಗೆ ಕಾಯುತ್ತ ನಿಂತವು. ನಮ್ಮ ವಂಶದಲ್ಲಿ ನೆಲ ಬಿಟ್ಟು ಮೇಲೆ ಮಲಗಿದವರಲ್ಲಿ ನಾವೇ ಮೊದಲಿಗರು. ಅಪ್ಪನಿಗೆ ಸಾಂಗಲಿಯ ಪೇಟೆಯಲ್ಲಿ ಅರಿಷಿಣದ ದಲಾಲಿ ಅಂಗಡಿ ಇತ್ತು. ದಿನಾ ಸಂಜೆ ಹುಬ್ಬು, ಕಿವಿ, ಕಾಲರು ಎಲ್ಲ ಹಳದಿ ಮಾಡಿಕೊಂಡು, ಮದುವೆ ಅರ್ಧಕ್ಕೆ ಬಿಟ್ಟು ಓಡಿ ಬಂದ ಮದುಮಗನಂತೆ ಮೆಟ್ಟಿಲು ಹತ್ತಿ ಬರುತ್ತಿದ್ದ.

ಆಯಿ ಅಂದರೆ ಅಪ್ಪನ ತಾಯಿ. ಅವಳಿಗೆ ಫ್ಲ್ಯಾಟಿನ ಮೇಲೆ ತಕರಾರುಗಳಿದ್ದವು, ಎಲ್ಲವೂ ನ್ಯಾಯವಾದವು. ತುಳಿಯಲು ಮಣ್ಣಿಲ್ಲ, ಬಂದವರು ಕಾಲು ತೊಳೆಯುವ ಜಾಗವಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅಡಿಗೆ ಮನೆಯ ನೆತ್ತಿಯ ಮೇಲೆ ಯಾರದೋ ಪಾಯಖಾನೆ. ಆದರೂ ಅವಳು ಒಪ್ಪಿ ಬಂದದ್ದು ಗ್ಯಾಲರಿಯ, ಅಂದರೆ ಬಾಲ್ಕನಿಯ, ಸಲುವಾಗಿ. ಪಡುವಣಕ್ಕೆ ಮುಖ ಮಾಡಿದ ಆ ಗ್ಯಾಲರಿಯಿಂದ ಹೊತ್ತು ಮುಳುಗುವುದು ತಟ್ಟೆಯಲ್ಲಿ ಇಟ್ಟಂತೆ ಕಾಣುತ್ತಿತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಗಡಿಯಾರ ನೋಡಿ ಉಣ್ಣುವವರು ಸೂರ್ಯನನ್ನು ನಂಬದವರು ಎಂದು ಆಯಿಯ ಅಭಿಪ್ರಾಯ. ಅವಳು ತಾಟನ್ನು ಗ್ಯಾಲರಿಯಲ್ಲೇ ಇಟ್ಟುಕೊಂಡು, ಕಣ್ಣು ಆಕಾಶದ ಕಡೆ, ಕೈ ರೊಟ್ಟಿಯ ಕಡೆ ಮಾಡಿ, ಸೂರ್ಯ ಮುಳುಗುವುದಕ್ಕೆ ಸರಿಯಾಗಿ ತಾಟು ಬಿಟ್ಟು ಏಳುತ್ತಿದ್ದಳು. ಸಂಡಿಗೆ ಒಣಗುವುದು, ಗುಬ್ಬಿಗೆ ಜೋಳ ಚೆಲ್ಲುವುದು, ಹಣಿಗೆ ಹಿಡಿದು ನನ್ನ ತಲೆ ಹಿಕ್ಕುವುದು, ತಲೆ ಹಿಕ್ಕುತ್ತ ನನ್ನ ತಾಯಿಯ ತಪ್ಪುಗಳನ್ನು ನನಗೆ ತಿಳಿಸಿಕೊಡುವುದು, ಎಲ್ಲವೂ ಅಲ್ಲಿಯೇ. ಉಳಿದ ಫ್ಲ್ಯಾಟು ಗ್ಯಾಲರಿಗೆ ಹೋಗುವ ದಾರಿ ಮಾತ್ರ ಆಗಿತ್ತು.

ಎರಡನೆಯ ವರ್ಷ ರಸ್ತೆ ಅಗಲ ಮಾಡಲು ಬದಿಯ ಆಲದ ಮರಗಳನ್ನು ಕಡಿದರು. ಆ ಮರಗಳಲ್ಲಿ ಪ್ರತಿ ವರ್ಷ ಹೆಜ್ಜೇನು ಕಟ್ಟುತ್ತಿದ್ದವು. ಮರದ ಮಾಲೀಕರಿಗೆ ಏನೋ ಕೊಟ್ಟರಂತೆ. ಜೇನುಗಳಿಗೆ ಬದಲಿ ಜಾಗ ತೋರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಅವು ತಾವಾಗಿಯೇ ಬಂದು ನಮ್ಮ ಗ್ಯಾಲರಿಯ ಸೂರಿಗೆ ಜೋತುಬಿದ್ದು ಸೊಸಾಯಟಿಯ ಸದಸ್ಯರಾದವು. ಕೆಲವೇ ದಿನಗಳಲ್ಲಿ ಜೇನುಹುಟ್ಟು ಕೇರುವ ಮೊರದಷ್ಟು ಅಗಲವಾಯಿತು. ಜೇನುತುಪ್ಪವನ್ನು ನಾವು ನಾಲಿಗೆಗೆ ತಾಕಿಸುವುದಿಲ್ಲ. ಅದರ ಒಂದು ಹನಿಯಲ್ಲಿ ಎಷ್ಟು ಜೀವಗಳ ಲೆಕ್ಕವಿದೆ ಎಂದು ಆಯಿ ಹೇಳುತ್ತಿದ್ದಳೋ ಅದನ್ನು ಕೇಳಿದವರಿಗೆ ಬೆಲ್ಲವೂ ಸೇರುತ್ತಿರಲಿಲ್ಲ. ಇಡೀ ಕಟ್ಟಡದಲ್ಲಿ ತಮ್ಮ ತುಪ್ಪಕ್ಕೆ ಭಯವಿಲ್ಲದ ಒಂದೇ ಮನೆಯನ್ನು ಅವು ವಿಚಾರಿಸಿಕೊಂಡೇ ಬಂದಿರಬೇಕು ಎಂದು ಅಪ್ಪನಿಗೆ ಗುಮಾನಿ.

ಅಂದಿನಿಂದ ಗ್ಯಾಲರಿಯ ಬಾಗಿಲು ಮುಚ್ಚಿತು. ಸಂಜೆ ದೀಪ ಹಚ್ಚಿದರೆ ಜೇನುಗಳು ಸಂದಿಯಿಂದ ಒಳಗೆ ನುಗ್ಗಿ, ಟ್ಯೂಬಿಗೆ ಬಡಿದು ಬಡಿದು ಬೀಳುತ್ತಿದ್ದವು. ಮುಂಜಾನೆ ಆಯಿ ಅವುಗಳಲ್ಲಿ ಜೀವ ಇದ್ದವನ್ನು ಕಾಗದದ ಮೇಲೆ ಎತ್ತಿ ಕಿಟಕಿಯ ಕಟ್ಟೆಗೆ ಇಡುವಳು, ಜೀವ ಹೋದವಕ್ಕೆ ಣಮೋಕಾರ ಮಂತ್ರ ಹೇಳುವಳು. ಹೀಗಾಗಿ ದೀಪ ಹಚ್ಚುವುದನ್ನೇ ಬಿಟ್ಟೆವು. ಅವ್ವ ಟಿವಿಯ ಮೇಲೆ ದಪ್ಪ ಚಾದರ ಹೊದಿಸಿ, ಅದರ ಮುಂದೆ ಕುಳಿತು ಮರಾಠಿ ಸೀರಿಯಲ್ಲನ್ನು ರೇಡಿಯೋ ಮಾಡಿಕೊಂಡು ಕೇಳುತ್ತಿದ್ದಳು. ಯಾರು ಅಳುತ್ತಿದ್ದಾರೆ ಎನ್ನುವುದನ್ನು ದನಿಯ ಮೇಲೆ ಗುರುತಿಸಲು ಕಲಿತಳು. ಇದೆಲ್ಲ ನಡೆಯಬಹುದಿತ್ತು. ಆದರೆ ಆಯಿಗೆ ಹೊತ್ತು ಕಾಣದಾಯಿತು. ಬಾಗಿಲಿನ ಗಾಜಿನಿಂದ ನೋಡಿದರೆ ಹೊತ್ತು ಮುಳುಗುವ ಕಡೆಗೆ ಹುಟ್ಟೇ ಅಡ್ಡ, ಅಡಿಗೆ ಮನೆಯ ಕಿಟಕಿಯಿಂದ ಕಾಣುವುದು ಎದುರಿನ ಕಟ್ಟಡದ ಗೋಡೆ. ಗಡಿಯಾರವನ್ನು ಅವಳು ನಂಬಳು. ಮುಳುಗಿತೋ ಏನೋ ಎಂಬ ಸಂಶಯಕ್ಕೆ ಸಂಜೆಯ ಊಟ ಐದಕ್ಕೆ ಬಂತು, ನಾಲ್ಕೂವರೆಗೆ ಬಂತು. ಮೋಡವಿದ್ದ ದಿನ ಉಣ್ಣುವುದನ್ನೇ ಬಿಟ್ಟಳು. ಮಾರ್ಗಶಿರ ಮುಗಿಯುವ ಹೊತ್ತಿಗೆ ಕೈಯ ಬಳೆಗಳು ಮೊಣಕೈತನಕ ಸರಿಯುತ್ತಿದ್ದವು. ಒಂದು ದಿನ ಅಪ್ಪನನ್ನು ಕೂಡಿಸಿಕೊಂಡು ಹೇಳಿದಳು, ಸಿಟ್ಟಿನಿಂದಲ್ಲ:

“ಹೊತ್ತ ಕಾಣಲಾರದ ಮನ್ಯಾಗ ನಾ ಹ್ಯಾಂಗ ಇರಲಿ ಹೇಳ. ನನ್ನ ಆರಗಕ್ಕ ಬಿಟ್ಟ ಬಾ.”

ಆರಗದಲ್ಲಿ ಆಯಿಯ ತಮ್ಮನ ಮಗನ ಮನೆ, ಅಂಗಳ, ಅಂಗಳದ ಮೇಲೆ ಬೇಕಾದಷ್ಟು ಆಕಾಶ. ಅಲ್ಲಿಗೆ ಹೋದವಳು ತಿರುಗಿ ಮೂರು ಮಾಳಿಗೆ ಹತ್ತಳು ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಹುಟ್ಟಿದಾಗಿನಿಂದ ಅವಳ ಸೆರಗು ಹಿಡಿದು ಮಲಗಿದವಳು. ನನಗೆ ಆಗ ಹನ್ನೊಂದು ತುಂಬಿತ್ತಾದರೂ ಸೆರಗಿಗೆ ಅದು ಗೊತ್ತಿರಲಿಲ್ಲ. ಜೇನು ಹೋಗುವತನಕ ತಡೆ ಎಂದು ಅಪ್ಪ ಕೈ ಮುಗಿದ. ಹೋಗುವತನಕ ಅಂದಳು ಆಯಿ, ಹೋಗಸೂತನಕ ಅಲ್ಲ.

ಇಲ್ಲಿಗೆ ಸೊಸಾಯಟಿಯ ಸೆಕ್ರೆಟರಿ ಕಾಕಾ ಬಂದ. ಟೆಲಿಫೋನ್ ಖಾತೆಯಲ್ಲಿ ಇದ್ದು ನಿವೃತ್ತನಾದವ, ಅಚ್ಚ ಮರಾಠಿ ಮನುಷ್ಯ, ಯಾವ ಮಾತನ್ನೂ ಸಭೆಯ ಠರಾವಿನಂತೆ ಆಡುವವ. ಕೆಳಗಿನ ಮಕ್ಕಳಿಗೆ ಕಡಿಯುತ್ತಿವೆ, ಸಂಕ್ರಾಂತಿಯೊಳಗೆ ಹುಟ್ಟು ಹೋಗದಿದ್ದರೆ ಕವಲಾಪುರದ ಕಡೆಯಿಂದ ಮಂದಿ ಕರೆಸಿ ಪಂಜು ಹಿಡಿಸುವುದಾಗಿ ಕಮಿಟಿ ಠರಾಯಿಸಿದೆ, ನೀವು ಬಾಗಿಲು ತೆರೆಯದಿದ್ದರೆ ತಾರಸಿಯ ಗಚ್ಚಿಯ ಮೇಲಿನಿಂದ ಹಗ್ಗ ಬಿಡಿಸಿ ಮಾಡಿಸುತ್ತೇವೆ ಎಂದ. ಆಯಿ ಅವನಿಗೆ ಕನ್ನಡದಲ್ಲಿ ಉತ್ತರ ಕೊಟ್ಟಳು, ಅವನು ಮರಾಠಿಯಲ್ಲಿ ತಿರುಗಿ ಹೇಳಿದ. ಒಬ್ಬರ ಮಾತು ಒಬ್ಬರಿಗೆ ಪೂರಾ ತಿಳಿಯುತ್ತಿತ್ತು, ಅದೇ ತೊಂದರೆ. ಅವನು ಹೋದ ಮೇಲೆ ಆಯಿ ಇಷ್ಟೇ ಹೇಳಿದಳು: ಅಷ್ಟು ಜೀವ ಸುಟ್ಟ ಸೂರಿನ ಕೆಳಗೆ ತಾನು ಒಂದು ಗುಟುಕು ನೀರು ಕುಡಿಯುವುದಿಲ್ಲ. ಜೇನು ಇದ್ದರೆ ಆಯಿ ಆರಗಕ್ಕೆ, ಜೇನು ಸುಟ್ಟರೂ ಆಯಿ ಆರಗಕ್ಕೆ. ಜೇನು ತಾವಾಗಿಯೇ ಹೋದರೆ ಮಾತ್ರ ಆಯಿ ನಮ್ಮಲ್ಲಿ.

ಅಪ್ಪ ಬಸದಿಯ ಉಪಾಧ್ಯೆಯರನ್ನು ಕೇಳಿಕೊಂಡು ಬಂದ. ಅವರು ಕಣ್ಣು ಮುಚ್ಚಿ, ಪಾಪ ಮೂರು ಬಗೆ ಎಂದರಂತೆ: ತಾನು ಮಾಡಿದ್ದು, ಬೇರೆಯವರ ಕಡೆಯಿಂದ ಮಾಡಿಸಿದ್ದು, ಯಾರೋ ಮಾಡಿದ್ದಕ್ಕೆ ಮನಸ್ಸಿನಲ್ಲಿ ಹೂಂ ಅಂದದ್ದು. ಮೂರಕ್ಕೂ ತೂಕ ಒಂದೇ. ಹಾಗಾದರೆ ಮಾಡುವುದಾದರೂ ಏನ್ರಿ ಎಂದು ಅಪ್ಪ ಕೇಳಿದ್ದಕ್ಕೆ, ಅದನ್ನು ನೀವು ನೋಡಿಕೊಳ್ಳಬೇಕು ಎಂದು ಹೇಳಿ ಅರಿಷಿಣದ ಭಾವ ವಿಚಾರಿಸಿದರಂತೆ.

ಹದ್ದು ಬಂದದ್ದು ಈ ಸಂದಿನಲ್ಲಿ. ಪುಸ್ತಕಗಳಲ್ಲಿ ಅದಕ್ಕೆ ಜೇನುಗಿಡುಗ ಎನ್ನುತ್ತಾರೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ನಮಗೆ ಕೊಕ್ಕು ಬಾಗಿದ್ದೆಲ್ಲ ಹದ್ದು. ಪಕ್ಕದ ಖಾಲಿ ಪ್ಲಾಟಿನಲ್ಲಿ ಉಳಿದಿದ್ದ ಒಂದು ಬೇವಿನ ಗಿಡದಲ್ಲಿ ಕಾಗೆಗಳು ಗದ್ದಲ ಮಾಡಿದವೆಂದು ಆಯಿ ಬಾಗಿಲಿನ ಗಾಜಿಗೆ ಕಟ್ಟಿದ ಪರದೆ ಸರಿಸಿ ನೋಡಿದಳು, ಅವಳ ಹಿಂದೆ ನಾನು. ದೊಡ್ಡ ಹದ್ದಿನ ಮೈ, ಅದರ ಮೇಲೆ ಪಾರಿವಾಳದ ತಲೆ. ಮಾಡುವವನಿಗೆ ಕೊನೆಗೆ ಸಾಮಾನು ಸಾಲದೆ ಸಿಕ್ಕ ತಲೆ ಹಚ್ಚಿ ಕಳಿಸಿದಂತೆ. ಮುಖದ ಮೇಲಿನ ಗರಿಗಳು ಮೀನಿನ ಹುರುಪೆಯಂತೆ ಒತ್ತೊತ್ತಾಗಿದ್ದವು, ಕಣ್ಣು ಹಳದಿ. ಒಂದು ಕಾಗೆ ಅದರ ಬಾಲ ಹಿಡಿದು ಜಗ್ಗುತ್ತಿತ್ತು. ಅದು ತಿರುಗಿಯೂ ನೋಡಲಿಲ್ಲ. ಅದು ನೋಡುತ್ತಿದ್ದದ್ದು ನಮ್ಮ ಸೂರನ್ನು.

ಮೊದಲ ವಾರ ಅದು ಬೇರೆ ಏನನ್ನೂ ಮಾಡಲಿಲ್ಲ. ಬಿಸಿಲು ಏರಿದ ಮೇಲೆ ಬರುವುದು, ಎಲೆಗಳ ಮರೆಯಲ್ಲಿ ಕೂಡುವುದು, ಮಧ್ಯಾಹ್ನ ದಾಟುವತನಕ ಮಿಸುಕದೆ ನೋಡುವುದು. ಬೇರೆ ಹದ್ದುಗಳಂತೆ ಚೀರುವುದಿಲ್ಲ, ಮೇಲೆ ಹಾರಿ ದೊಡ್ಡಸ್ತಿಕೆ ತೋರುವುದಿಲ್ಲ. ಒಮ್ಮೊಮ್ಮೆ ನೆಲಕ್ಕಿಳಿದು ಪ್ಲಾಟಿನ ಕಸದಲ್ಲಿ ಕೋಳಿಯಂತೆ ನಡೆದಾಡಿ, ಕಾಲಿನಿಂದ ಮಣ್ಣು ಕೆದರಿ, ಕಡಜದ ಗೂಡೊಂದನ್ನು ಹೊರಗೆಳೆದು ತಿಂದು, ಮತ್ತೆ ತನ್ನ ಟೊಂಗೆಗೆ ಹೋಗಿ ಕೂಡುವುದು. ಅದಕ್ಕೆ ಬೇಕಾದದ್ದು ತುಪ್ಪವಲ್ಲ, ಹುಟ್ಟಿನೊಳಗಿನ ಮರಿ ಎಂದು ಆಯಿಗೆ ಗೊತ್ತಿತ್ತು. ಆರಗದ ಹೊಲದಲ್ಲಿ ಸಣ್ಣಾಕೆಯಿದ್ದಾಗ ನೋಡಿದ್ದಳು. ಒಮ್ಮೆ ಅದರ ಕಣ್ಣಿಗೆ ಬಿದ್ದ ಜೇನು ಆ ಜಾಗದಲ್ಲಿ ಉಳಿಯುವುದಿಲ್ಲ ಎಂದೂ ಗೊತ್ತಿತ್ತು. ಇದನ್ನು ಅವಳು ಹೇಳಿದ ಗಳಿಗೆಯಿಂದ ಮನೆಯೊಳಗೆ ಯಾರೂ ಯಾರ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನಾವು ಏನನ್ನೂ ಮಾಡಬೇಕಾಗಿರಲಿಲ್ಲ, ಮಾಡಿಸಬೇಕಾಗಿರಲಿಲ್ಲ. ಉಳಿದದ್ದು ಮೂರನೆಯದು ಒಂದೇ: ಬಯಸಬಾರದು.

ಆಯಿ ಎಲ್ಲರಿಗೂ ಕಟ್ಟಪ್ಪಣೆ ಮಾಡಿದಳು. ಅದರ ಹಾದಿ ನೋಡಬಾರದು, ಅದರ ಮಾತು ತೆಗೆಯಬಾರದು, ಬಂತೆಂದು ಹಿಗ್ಗಬಾರದು. ನಾವು ಶಿಸ್ತಿನ ಮನೆತನದವರು, ಹಾಗೆಯೇ ನಡೆದೆವು. ಹದ್ದು ಒಂದು ದಿನ ಬರಲಿಲ್ಲ ಅನ್ನಿ, ಅವ್ವ ರೊಟ್ಟಿ ಬಡಿಯುತ್ತ, ಇವತ್ತ ಕಾಗಿ ಒದರಲಿಲ್ಲಲ್ಲ ಎಂದು ಹಿಟ್ಟಿಗೆ ಹೇಳುವಳು. ಅಪ್ಪ ಪೇಟೆಯಿಂದ ಬಂದವನೇ ಚಪ್ಪಲಿ ಬಿಡುತ್ತ, ಬೇವಿನ ಗಿಡ ಹ್ಯಾಂಗೈತಿ ಎಂದು ಕೇಳುವ. ಗಿಡದ ಆರೋಗ್ಯವನ್ನು ಅಷ್ಟು ಕಾಳಜಿಯಿಂದ ವಿಚಾರಿಸಿದ ಅರಿಷಿಣದ ದಲಾಲಿ ಜಿಲ್ಲೆಯಲ್ಲಿ ಇನ್ನೊಬ್ಬನಿರಲಿಲ್ಲ. ಗಿಡ ಆರಾಮ ಐತ್ರಿ ಅಂದರೆ ಬಂದಿತ್ತು ಎಂದು ಅರ್ಥ. ಆಯಿ ಮಾತ್ರ ಜಪಮಣಿ ಹಿಡಿದು, ಕುರ್ಚಿಯನ್ನು ಗಾಜಿನ ಬಾಗಿಲಿಗೆ ಹತ್ತಿಸಿ ಕೂಡುತ್ತಿದ್ದಳು, ಬೇರೆ ಯಾರೂ ನೋಡದಂತೆ ಕಾಯಲು. ನಾನು ಅವಳ ಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದೆ. ಪರದೆಯ ಸಂದು ದಿನಕ್ಕಿಷ್ಟು ಅಗಲವಾಗುತ್ತಿತ್ತು. ಯಾರಿಗಾದರೂ ಒಳ್ಳೆಯದಾಗುತ್ತಿದೆ ಎಂದು ಕೇಳಿದರೆ, ಹಾಗಾದರೆ ಕೆಟ್ಟದ್ದು ಯಾರಿಗಾಯಿತು ಎಂದು ಹುಡುಕುವ ಚಟ ನನಗೆ ಅಂಟಿದ್ದು ಆ ಕುರ್ಚಿಯ ಹಿಂದೆ. ಇದರಿಂದ ನನಗೆ ಬಹಳ ಗೆಳತಿಯರು ಆಗಲಿಲ್ಲ.

ಸಂಕ್ರಾಂತಿ ಹತ್ತಿರ ಬಂತು. ಸೆಕ್ರೆಟರಿ ಕಾಕಾ ಗಚ್ಚಿಯ ಮೇಲೆ ಹಗ್ಗ ತಂದಿಡಿಸಿದ. ಆ ಭಾನುವಾರ ಊಟದ ಹೊತ್ತಿಗೆ ಹದ್ದು ಗಿಡ ಬಿಟ್ಟು ಎದ್ದಿತು. ಮೊದಲು ನೇರವಾಗಿ ಬರಲಿಲ್ಲ. ಹುಟ್ಟಿನ ಮುಂದೆ ಒಂದು ಸುತ್ತು ಸುಳಿದು ಹೋಯಿತು. ಹುಟ್ಟಿನ ಮೈತುಂಬ, ಚಾದರ ಝಾಡಿಸಿದಂತೆ, ಒಂದು ಅಲೆ ಹರಿಯಿತು. ಎರಡನೆಯ ಸಲವೂ ಹಾಗೆಯೇ. ಜೇನುಗಳು ಹುಟ್ಟು ಬಿಟ್ಟು ಅದರ ಬೆನ್ನು ಹತ್ತಿದವು, ಬಿಳಿಯ ಮೇಣ ಒಂದಿಷ್ಟು ಬರಿದಾಗಿ ಕಂಡಿತು. ಮೂರನೆಯ ಸಲ ಅದು ಸೀದಾ ಬಂದು, ಉಗುರು ಊರಿ ಜೋತುಬಿದ್ದು, ಒಂದು ದೊಡ್ಡ ಹಪ್ಪಳದಷ್ಟು ಕಿತ್ತುಕೊಂಡು ಹೋಯಿತು. ಗಾಜಿನ ಮೇಲೆ ಜೇನುಗಳು ಮಳೆಯಂತೆ ಬಡಿದವು. ಕೋಣೆ ಕತ್ತಲಾಯಿತು. ಹಿಟ್ಟಿನ ಗಿರಣಿಯೊಳಗೆ ಕೂಡಿ ಹಾಕಿದಂಥ ಸಪ್ಪಳ. ಕೆಳಗೆ ರಸ್ತೆಯಲ್ಲಿ ಯಾರೋ ಓಡಿದರು, ಒಂದು ಸ್ಕೂಟರು ಬಿತ್ತು. ಅದು ಸೆಕ್ರೆಟರಿ ಕಾಕಾನದೆಂದು, ಅವನ ಕಿವಿ ಪೂರಿಯಂತೆ ಉಬ್ಬಿತೆಂದು ಆಮೇಲೆ ತಿಳಿಯಿತು. ಹದ್ದು ಬೇವಿನ ಟೊಂಗೆಯ ಮೇಲೆ ಹುಟ್ಟಿನ ತುಂಡನ್ನು ಕಾಲಲ್ಲಿ ಒತ್ತಿ ಹಿಡಿದು, ಒಂದೊಂದೇ ಕೋಣೆಯಿಂದ ಬಿಳಿಯ ಮರಿಯನ್ನು ಆರಿಸಿ ಆರಿಸಿ ತಿಂದಿತು, ಅವಸರವಿಲ್ಲದೆ, ಅಕ್ಕಿಯಲ್ಲಿ ಹರಳು ಆರಿಸಿದಂತೆ. ಸುತ್ತ ಮುತ್ತಿದ ಜೇನುಗಳಿಗೆ ಅದು ಕೊಟ್ಟ ಮರ್ಯಾದೆ ಒಂದೇ, ಕಣ್ಣು ಮುಚ್ಚಿದ್ದು. ಆಯಿಯ ಜಪಮಣಿ ನಿಂತಿತ್ತು. ಅವಳ ಕೈ ಪರದೆಯನ್ನು ಇನ್ನಷ್ಟು ಸರಿಸಿತು.

ಮರುದಿನವೂ ಬಂತು, ಅದರ ಮರುದಿನವೂ. ಆಮೇಲೆ ಒಂದು ಮುಂಜಾನೆ ಜೇನುಗಳೆಲ್ಲ ಹೊಗೆಯಂತೆ ಎದ್ದು ಕೃಷ್ಣೆಯ ಕಡೆಗೆ ಹೋದವು. ಅವ್ವ ಗ್ಯಾಲರಿ ತೊಳೆದಳು. ಅಪ್ಪ ಪೇಟೆಯಿಂದ ಬೇಗ ಬಂದ. ಸಂಜೆ ಆಯಿ ತನ್ನ ಜಾಗದಲ್ಲಿ ಕುಳಿತಳು, ಎದುರಿಗೆ ಸೂರ್ಯ, ಇನ್ನೂ ಎರಡು ಆಳು ಮೇಲೆ. ಅವ್ವ ಹೂರಣದ ಹೋಳಿಗೆ ಬಡಿಸಿದಳು. ಆಯಿ ಆಕಳ ತುಪ್ಪ ಕೇಳಿ ಹಾಕಿಸಿಕೊಂಡು ಒಂದು ಹೋಳಿಗೆ ಪೂರಾ ಉಂಡಳು. ಎಷ್ಟೋ ದಿನಗಳ ಮೇಲೆ ಅವಳ ಗಲ್ಲ ಆಡುವುದನ್ನು ನಾವು ಮೂವರೂ ಉಣ್ಣದೆ ನೋಡುತ್ತಿದ್ದೆವು. ಎರಡನೆಯದಕ್ಕೆ ಕೈ ಹಾಕಿದವಳು ಅಲ್ಲಿಯೇ ತಡೆದಳು.

“ಇವತ್ತ ಏನೈತಿ?”

“ಏನಿಲ್ರಿ ಅತ್ತಿ, ಸುಮ್ಮನ ಮಾಡೇನಿ,” ಅಂದಳು ಅವ್ವ.

“ಸುಮ್ಮನ ಯಾರ ಹೂರಣಾ ರುಬ್ಬತಾರ?”

ಪೇಟೆಗೆ ಬೆಲ್ಲ ಛಲೋ ಬಂದಿತ್ತು ಎಂದು ಅಪ್ಪ ಗೊಣಗಿದ. ಆಯಿ ಬೆರಳಿನ ಮೇಲೆ ತಿಥಿ ಎಣಿಸಿದಳು. ಹುಣ್ಣಿವೆಯಲ್ಲ, ಸಂಕ್ರಾಂತಿ ಇನ್ನೂ ಬಂದಿಲ್ಲ, ಯಾರೂ ಹುಟ್ಟಿಲ್ಲ, ಯಾರೂ ಊರಿಂದ ಬಂದಿಲ್ಲ. ನಾವು ಮೂವರೂ ಒಂದು ಹಬ್ಬಕ್ಕಾಗಿ ಮನಸ್ಸಿನಲ್ಲಿ ಪಂಚಾಂಗವೆಲ್ಲ ತಿರುವಿದೆವು. ವರ್ಷಕ್ಕೆ ಅಷ್ಟೊಂದು ಹಬ್ಬವಿರುವ ದೇಶದಲ್ಲಿ ಆ ದಿನಕ್ಕೆ ಒಂದೂ ಇರಲಿಲ್ಲ. ಕೊನೆಗೆ ಅಪ್ಪನೇ ಸೋತ.

“ನಿನಗ ಗ್ಯಾಲರಿ ಸಿಕ್ಕತಲ್ಲವ್ವಾ. ಅಷ್ಟ.”

ಆಯಿ ತಾಟು ದೂಡಲಿಲ್ಲ. ಕೈಯೊಳಗಿನದನ್ನು ಮೆಲ್ಲಗೆ ತಿರುಗಿ ತಾಟಿನಲ್ಲಿ ಇಟ್ಟಳು.

“ಹಕ್ಕಿ ತನ್ನ ಹೊಟ್ಟಿಗೆ ತಿಂದ ಹೋತು. ಅದಕ್ಕ ಪಾಪಿಲ್ಲ. ನಾವ ಯಾತಕ್ಕ ತಿಂದಿವಿ?”

ಮಾಡಿದವಳು ನಾನು, ನಿಮಗೇನೂ ಹತ್ತುವುದಿಲ್ಲ ಎಂದು ಅವ್ವ ಅಳಲು ಶುರು ಮಾಡಿದಳು. ಆಯಿ ಅವಳ ಬೆನ್ನ ಮೇಲೆ ಕೈಯಿಟ್ಟಳು. ಅವಳು ನಮ್ಮನ್ನು ಬಯ್ಯುತ್ತಿರಲಿಲ್ಲ.

“ನೀವೇನ ಮಾಡೀರಿ? ದಿನಾ ಪಡದಾ ಸರಿಸಿ ಹಾದಿ ನೋಡಿದಾಕಿ ನಾ. ಅದ ಮರಿ ತಿನ್ನೂ ಮುಂದ ನನ್ನ ಜೀವಕ್ಕ ಹಗೂರ ಆತು. ಹೋಳಿಗಿ ಹಿಂದಾಗಡಿ ಬಂತು.”

ಅಪ್ಪ ಮರುದಿನವೇ ಉಪಾಧ್ಯೆಯರಲ್ಲಿ ಓಡಿ ಒಂದು ಪ್ರಾಯಶ್ಚಿತ್ತ ತಂದ. ಆಯಿ ಅದನ್ನು ಅಚ್ಚುಕಟ್ಟಾಗಿ ಮಾಡಿದಳು, ಉಪವಾಸ, ಜಪ, ಎಲ್ಲ. ಮಾಡಿ ಮುಗಿಸಿ ಸೀರೆಗಳನ್ನು ಮಡಚತೊಡಗಿದಳು. ಪಾಪ ತೊಳೆಯಿತಲ್ಲ, ಇನ್ನೇಕೆ ಎಂದು ಅಪ್ಪ ಬಾಗಿಲಿಗೆ ಅಡ್ಡ ನಿಂತ. ಜೇನು ಒಮ್ಮೆ ಕಟ್ಟಿದ ಜಾಗ ಮರೆಯುವುದಿಲ್ಲ, ಮುಂದಿನ ಸಲ ಮತ್ತೆ ಬರುತ್ತವೆ, ಆಗ ತಾನು ಮತ್ತೆ ಆ ಗಿಡದ ಕಡೆಗೇ ನೋಡುತ್ತೇನೆ ಎಂದಳು.

“ನನ್ನ ಕಣ್ಣ ನನಗ ಗೊತ್ತಿಲ್ಲೇನ?”

ಅಪ್ಪನಿಗೆ ಮಾಲಿನ ದರ ಇಳಿಸುವವರ ಜೊತೆ ವಾದ ಮಾಡಿ ರೂಢಿಯಿತ್ತು. ತಮ್ಮ ದರವನ್ನು ತಾವೇ ಇಳಿಸಿಕೊಳ್ಳುವವರು ಅವನ ಅಂಗಡಿಗೆ ಎಂದೂ ಬಂದಿರಲಿಲ್ಲ. ಹಳದಿ ಹುಬ್ಬಿನ ಕೆಳಗೆ ಕಣ್ಣು ಒರೆಸಿಕೊಂಡ, ಮುಖವೆಲ್ಲ ಹಳದಿಯಾಯಿತು. ನನಗೆ ತೋಚಿದ್ದು ಒಂದೇ ವಾದ. ಅದನ್ನು ಸೆರಗು ಹಿಡಿದುಕೊಂಡೇ ಮುಂದಿಟ್ಟೆ.

“ನೀ ಹೋದರ ನನ್ನ ತಲಿ ಯಾರ ಹಿಕ್ಕತಾರ?”

“ನಿಮ್ಮವ್ವಗ ಎರಡ ಕೈ ಅದಾವು,” ಅಂದಳು. ಇನ್ನೊಂದು ಸೀರೆ ಮಡಚಿ, “ಜಗ್ಗಿ ಹಿಕ್ಕತಾಳ, ತಾಳ್ಕೊ,” ಅಂದಳು.

ಸಂಕ್ರಾಂತಿಯ ಎಳ್ಳುಬೆಲ್ಲ ಕೊಟ್ಟು ಮುಗಿದ ಮೇಲೆ ಅಪ್ಪ ಅವಳನ್ನು ಮುಂಜಾನೆಯ ಬಸ್ಸಿಗೆ ಹತ್ತಿಸಿಕೊಂಡು ಹೋಗಿ, ಮಧ್ಯಾಹ್ನದ ಬಸ್ಸಿಗೆ ಒಬ್ಬನೇ ಬಂದ. ಮರುವರ್ಷ ಜೇನು ಅದೇ ಸೂರಿಗೆ ಬಂದು ಕಟ್ಟಿದವು. ಹದ್ದು ಬರಲಿಲ್ಲ. ಸೊಸಾಯಟಿಯವರು ಜೇನನ್ನು ಸುಡಿಸಿದರು. ಆಯಿ ಆರಗದಲ್ಲೇ ತೀರಿಕೊಂಡಳು.